ಒಂದೇ ಸಲಕ್ಕೆ ತುಂಬಿದ ಹಲ್ಲು

"ಎಳೀತಿದೆ ಡಾಕ್ಟ್ರೇ..."

ಮೂರೇ ದಿನಕ್ಕೆ ಮತ್ತೆ ಬಂದು ಕುರ್ಚಿಯಲ್ಲಿ ಕೂತ ಗಾರೆ ಮೇಸ್ತ್ರಿಯನ್ನು ಹಲ್ಲಿನ ಡಾಕ್ಟರು ದಿಟ್ಟಿಸಿದಳು. ಎಕ್ಸ್-ರೇ ಸರಿಯಾಗಿತ್ತು. ಅವಳು ಹಾಕಿದ್ದ ಫಿಲ್ಲಿಂಗ್ ನುಣ್ಣಗೆ ಹೊಳೆಯುತ್ತಿತ್ತು.

"ನೋವಾ?"

"ನೋವು ಅಂತಲ್ಲ. ಅಗಿಯೋವಾಗ ಒಳಗಿಂದ ಯಾರೋ ಹಿಡಿದು ಎಳೆದ ಹಾಗೆ."

ಹೋದ ಸಲ ಬಾಗಿಲಲ್ಲಿ ನಿಂತು ಎರಡು ಬಾರಿ ತಿರುಗಿ ನೋಡಿದ್ದ. ನೆಪ ಹೂಡಿಕೊಂಡು ಬಂದಿದ್ದಾನೆ... ಅಂದುಕೊಂಡಳು.

"ಹಲ್ಲಿಗೇನೂ ಆಗಿಲ್ಲ. ನೆನಪಾದಾಗೆಲ್ಲ ಬರೋಕೆ ಇದು ನೆಂಟರ ಮನೆಯಲ್ಲ."

ಅವನ ಕಿವಿ ಕೆಂಪಾಯಿತು. "ಆಯ್ತು ಬಿಡಿ," ಎಂದು ಎದ್ದು ಹೋದ.

ಮಧ್ಯಾಹ್ನ ಊಟದ ಹೊತ್ತಿಗೆ ಇದನ್ನೇ ನಗುತ್ತಾ ಹೇಳಿದಾಗ ಕ್ಲಿನಿಕ್ಕಿನ ದೊಡ್ಡ ಡಾಕ್ಟರಮ್ಮ ನಗಲಿಲ್ಲ.

"ಎಷ್ಟು ಸಲಕ್ಕೆ ತುಂಬಿದೆ?"

"ಒಂದೇ ಸಲಕ್ಕೆ. ಹೊರಗೆ ತುಂಬಾ ಜನ ಕಾಯ್ತಿದ್ರು."

"ನೀಲಿ ಬೆಳಕು ಬಿದ್ದಾಗ ಫಿಲ್ಲಿಂಗ್ ಗಟ್ಟಿಯಾಗ್ತಾ ಕುಗ್ಗುತ್ತೆ ಕಣೇ. ಒಂದೇ ಸಲ ದಪ್ಪಗೆ ತುಂಬಿದ್ರೆ ಅಂಟಿಕೊಂಡ ಹಲ್ಲಿನ ಗೋಡೇನೂ ಒಳಕ್ಕೆ ಎಳೆಯುತ್ತೆ. ಎಕ್ಸ್-ರೇಗೆ ಕಾಣಲ್ಲ, ಅಗಿಯೋನಿಗೆ ಗೊತ್ತಾಗುತ್ತೆ. ಹಾಗೇ ಬಿಟ್ರೆ ಹಲ್ಲೇ ಸೀಳಬಹುದು."

ಅವಳು ಊಟದ ಡಬ್ಬಿ ಮುಚ್ಚಿದಳು. ನಿಜ ಹೇಳಿದವನನ್ನು ಅಟ್ಟಿಬಿಟ್ಟೆನಲ್ಲ... ಇನ್ನು ಬರುತ್ತಾನೆಯೇ?

ಮರುದಿನ ಬೆಳಿಗ್ಗೆ ಅವನು ಕೆಲಸ ಮಾಡುತ್ತಿದ್ದ ಕಟ್ಟಡವನ್ನು ಅವಳೇ ಹುಡುಕಿಕೊಂಡು ಹೋದಳು. ಅವನು ಗೋಡೆಗೆ ಕಟ್ಟಿದ್ದ ಸಾರುವೆಯಿಂದ ಇಳಿದು ಬಂದ.

"ತಪ್ಪು ನಂದೇ. ಅವಸರಕ್ಕೆ ಒಂದೇ ಸಲ ತುಂಬಿಬಿಟ್ಟೆ. ಬನ್ನಿ, ಸರಿಮಾಡ್ತೀನಿ."

"ಗಾರೇನೂ ಹಾಗೇ. ದಪ್ಪ ಬಳಿದ್ರೆ ಒಣಗುವಾಗ ಬಿರಿಯುತ್ತೆ," ಎಂದು ನಕ್ಕ. "ಆದ್ರೆ ಡಾಕ್ಟ್ರಿಗೆ ಮೇಸ್ತ್ರಿ ಪಾಠ ಹೇಳೋಕಾಗುತ್ತಾ?"

ಅಂದೇ ಕ್ಲಿನಿಕ್ಕಿನಲ್ಲಿ ಹಳೆಯ ಫಿಲ್ಲಿಂಗ್ ತೆಗೆದು, ತೆಳ್ಳಗೆ ಒಂದೊಂದೇ ಪದರ ಇಟ್ಟು, ಒಂದೊಂದಕ್ಕೂ ಬೆಳಕು ಹಿಡಿದಳು. ಹೊರಗೆ ಕಾಯುವವರು ಕಾದರು.

ಅವನು ಹಲ್ಲು ಕಚ್ಚಿ ನೋಡಿದ. "ಅಲ್ಲೊಂದು ಹಲ್ಲಿದೆ ಅನ್ನೋದೇ ಮರೆತುಹೋಯ್ತು."

ಅವಳ ಕಣ್ಣು ತುಂಬಿತು. "ನೀವು ಬೇರೆ ಕಡೆ ಹೋಗಿದ್ರೆ ನನ್ನ ತಪ್ಪು ನನಗೆ ಗೊತ್ತೇ ಆಗ್ತಿರಲಿಲ್ಲ. ಬೈಸಿಕೊಂಡೂ ಬಂದ್ರಲ್ಲ... ಈ ಉಪಕಾರ ಮರೆಯಲ್ಲ."

"ಬೈದದ್ದು ಪೂರ್ತಿ ಸುಳ್ಳೂ ಅಲ್ಲ ಬಿಡಿ." ಅವನು ಅಂಗೈ ನೋಡಿಕೊಂಡ. "ಎಳೀತಿದ್ದದ್ದು ನಿಜ. ನಿಮ್ಮನ್ನ ನೋಡಬೇಕು ಅನಿಸಿದ್ದೂ ನಿಜ."

ಅವಳು ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟಳು.

"ಭಾನುವಾರ ಮನೆಗೆ ಬನ್ನಿ. ಅಮ್ಮ ಇರ್ತಾರೆ."

"ಯಾರು ಅಂತ ಕೇಳಿದ್ರೆ ಏನನ್ನಲಿ?"

"ಕೇಳಲ್ಲ. ನಿನ್ನೆ ರಾತ್ರಿನೇ ನಿಮ್ಮ ವಿಷಯ ಎಲ್ಲಾ ಹೇಳಿದೀನಿ."