ನನ್ನ ಪಾಲಿನ ದ್ವೀಪಗಳು

ಕೆಳಗಿನ ಮನೆಯಲ್ಲಿ ಯಾರೋ ಯಾರನ್ನೋ ಕೊಲ್ಲುತ್ತಿದ್ದಾರೆ ಎಂದೇ ನಾನು ನಂಬಿಬಿಟ್ಟಿದ್ದೆ. "ಬಾ, ಈ ಕಡೆ ಬಾ, ಇವತ್ತು ನಿನ್ನ ಕಥೆ ಮುಗಿಸ್ತೀನಿ" ಎಂಬ ಗಂಡಸಿನ ದನಿ, ಹಿಂದೆಯೇ ಮೇಜು ಗುದ್ದಿದ ಸದ್ದು. ನಮಗ್ಯಾಕೆ ಊರ ಉಸಾಬರಿ ಎಂದು ಅತ್ತಿಗೆ ಕಿಟಕಿ ಮುಚ್ಚಿದಳು. ನನಗೋ ಮೂಗಿನ ತುದಿಯಲ್ಲೇ ಕೋಪ. ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋಗಿ ಬೆಲ್ ಒತ್ತಿದೆ.

ಬಾಗಿಲು ತೆಗೆದವರ ಕೊರಳಲ್ಲಿ ಹೆಡ್‌ಫೋನ್ ಇತ್ತು. ಹಾಲು ಕುಡಿಯುವಾಗ ಸಿಕ್ಕಿಬಿದ್ದ ಬೆಕ್ಕಿನ ಮುಖ. ಬೆನ್ನ ಹಿಂದೆ ದೊಡ್ಡ ಮಾನಿಟರಿನಲ್ಲಿ ಎಮ್ಮೆ ಗಾತ್ರದ ಏಡಿಯೊಂದು ಕೊಂಡಿ ಎತ್ತಿಕೊಂಡು ನಿಂತಿತ್ತು. ಅರ್ಧ ಕಟ್ಟಡಕ್ಕೆ ಕೇಳುವ ಹಾಗೆ ಬಯ್ಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದವಳು ಅದೆಲ್ಲ ಮರೆತೇಬಿಟ್ಟೆ.

"ಕಾಲಿಗೆ ಯಾಕೆ ಹೊಡೀತಿದೀರಿ? ಅದರ ಕಣ್ಣಿಗೆ ಹೊಡೀಬೇಕಲ್ವಾ?"

ಅವರು ಒಮ್ಮೆ ಏಡಿಯನ್ನು, ಒಮ್ಮೆ ನನ್ನನ್ನು ನೋಡಿದರು. ಕನ್ನಡಕ ಎಡಕ್ಕೆ ವಾಲಿತ್ತು. ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವವಳು ನಾನು. ವಾಲಿದ ಕನ್ನಡಕ ಕಂಡರೆ ಕೈ ಸುಮ್ಮನಿರುವುದಿಲ್ಲ. ಕೊಡಿ ಇಲ್ಲಿ ಎಂದು ಕೇಳಿ ಕಡ್ಡಿ ಬಗ್ಗಿಸಿ ಸರಿಮಾಡಿ ಕೊಟ್ಟೆ. ಹಾಕಿಕೊಂಡವರು ನನ್ನನ್ನು ಇನ್ನೊಮ್ಮೆ ನೋಡಿದರು. ಈ ಸಲ ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಮೆಟ್ಟಿಲು ಹತ್ತುವಾಗ ನನ್ನ ಕಿವಿ ಬಿಸಿಯಾಗಿತ್ತು.

ಅವರು ಲಿಫ್ಟ್ ಮೆಕ್ಯಾನಿಕ್. ಅತ್ತಿಗೆಯ ಬಾಯಲ್ಲಿ 'ಲಿಫ್ಟ್‌ನವರು'. ಊರಿನ ಲಿಫ್ಟುಗಳನ್ನೆಲ್ಲ ಎಬ್ಬಿಸಿ ನಿಲ್ಲಿಸುವ ಮನುಷ್ಯ ಲಿಫ್ಟೇ ಇಲ್ಲದ ಕಟ್ಟಡ ಹುಡುಕಿಕೊಂಡು ಬಂದಿದ್ದಾರಲ್ಲ ಎಂದು ಅವಳು ನಗುತ್ತಿದ್ದಳು. ನಾನೂ ನಗುತ್ತಿದ್ದೆ, ಬೇರೆ ಕಾರಣಕ್ಕೆ.

ನಮ್ಮ ಮನೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಅಂಗಡಿ ಬಿಟ್ಟರೆ ಅಪ್ಪ, ಅಪ್ಪನನ್ನು ಬಿಟ್ಟರೆ ಅಂಗಡಿ, ನನ್ನ ದಿನ ಅಷ್ಟೇ. ಉಳಿದದ್ದೆಲ್ಲ ಅಣ್ಣ ಅತ್ತಿಗೆ ಸೇರಿ ನನ್ನ ಪರವಾಗಿ ಮುಗಿಸುತ್ತಿದ್ದರು. ನನ್ನ ಸೀರೆಯ ಬಣ್ಣ ಅವರದು, ನನ್ನ ಕೋಣೆಯ ಪರದೆ ಅವರದು. ಒಮ್ಮೆ ನನ್ನನ್ನು ನೋಡಲು ಬಂದವರನ್ನೂ ನಾನು ಅಂಗಡಿಯಿಂದ ಬರುವಷ್ಟರಲ್ಲಿ ಕಾಫಿ ಕೊಟ್ಟು ಕಳಿಸಿಬಿಟ್ಟಿದ್ದರು. ನಿನಗೆಲ್ಲಿ ಟೈಮಿದೆ, ಅದಕ್ಕೇ ನಾವೇ ಬೇಡ ಅಂದ್ವಿ ಎಂದ ಅಣ್ಣ. ಪ್ರೀತಿಯಿಂದಲೇ ಅಂದ. ಅದೇ ಕಷ್ಟ, ಪ್ರೀತಿಯಿಂದ ಮಾಡಿದ್ದಕ್ಕೆ ಜಗಳ ಆಡುವುದು ಹೇಗೆ?

ಸಂಜೆ ಅಪ್ಪನಿಗೆ ವ್ಯಾಯಾಮ ಮಾಡಿಸಲು ಫಿಸಿಯೋ ಬರುತ್ತಿದ್ದಳು. ಕಡಕ್ ಹೆಂಗಸು. ನಾನು ಕೋಣೆಯಲ್ಲಿದ್ದರೆ ಅಪ್ಪ ಚಿಕ್ಕ ಮಗುವಿನ ಹಾಗೆ ನನ್ನ ಮುಖ ನೋಡಿ ಅಳುತ್ತಾರೆ, ಕಾಲು ಎತ್ತುವುದಿಲ್ಲ ಎಂದು ನನ್ನನ್ನು ಹೊರಗೆ ಹಾಕಿ ಬಾಗಿಲು ಮುಚ್ಚುತ್ತಿದ್ದಳು. ಹಾಗೆ ಸಿಕ್ಕ ಒಂದು ಗಂಟೆ ನನ್ನದು. ಮೊದಮೊದಲು ಆ ಗಂಟೆಯನ್ನು ಏನು ಮಾಡಬೇಕೆಂದೇ ತೋಚದೆ ಬಟ್ಟೆ ಮಡಿಸುತ್ತಿದ್ದೆ.

ಏಡಿಯನ್ನು ಕಂಡ ಮರುದಿನ ಅಟ್ಟದ ಮೇಲಿದ್ದ ನನ್ನ ಕಾಲೇಜಿನ ಕಾಲದ ಕಂಪ್ಯೂಟರ್ ಇಳಿಸಿದೆ. ಓದಿನ ನೆಪದಲ್ಲಿ ಕೊಡಿಸಿಕೊಂಡು ಕಣ್ಣು ಕೆಂಪಾಗುವವರೆಗೆ ಆಟ ಆಡುತ್ತಿದ್ದ ಯಂತ್ರ. ಸ್ವಿಚ್ ಹಾಕಿದರೆ ಉಸಿರೇ ಇಲ್ಲ. ಲಿಫ್ಟ್‌ನವರು ಸ್ಕ್ರೂಡ್ರೈವರ್ ಹಿಡಿದು ಬಂದರು. ಧೂಳು ಊದಿದರು, ಪವರ್ ಸಪ್ಲೈ ಬದಲಿಸಿದರು, ತಮ್ಮ ಹಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿದರು. ಕೊನೆಗೆ ಫ್ಯಾನ್ ತಿರುಗಿ ಪರದೆ ಬೆಳಗಿದಾಗ ಇಬ್ಬರೂ ಒಟ್ಟಿಗೆ ಮುಂದೆ ಬಾಗಿದೆವು. ಅವರ ಕೆನ್ನೆಯ ಮೇಲೆ ಧೂಳಿನ ಗೀರು ಇತ್ತು. ಒರೆಸಬೇಕೆನಿಸಿತು. ಒರೆಸಲಿಲ್ಲ, ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು.

ಬಿಡುವಿಲ್ಲದವರ ಆಟ ಎಂದರೆ ಏನೆಂದು ಆಗ ಗೊತ್ತಾಯಿತು. ಮೊದಲ ದಿನದ ಗಂಟೆ ಪೂರ್ತಿ ಅಪ್‌ಡೇಟ್ ಇಳಿಯುವುದರಲ್ಲೇ ಕಳೆಯಿತು. ಎರಡನೇ ದಿನ ಪಾಸ್‌ವರ್ಡ್ ನೆನಪಿಲ್ಲ, ಅವರೇ ಹೊಸದು ಮಾಡಿಕೊಟ್ಟರು. ಮೂರನೇ ದಿನ ಆಟ ಶುರುವಾದೊಡನೆ ಸಮುದ್ರಕ್ಕೆ ಬಿದ್ದೆ, ಮತ್ತೆ ಬಿದ್ದೆ, ಮತ್ತೂ ಬಿದ್ದೆ. ಒಂದು ಕಾಲದಲ್ಲಿ ಕಣ್ಣುಮುಚ್ಚಿ ಆಡುತ್ತಿದ್ದ ಬೆರಳುಗಳು ಮರಗಟ್ಟಿದ್ದವು. ಹೆಡ್‌ಫೋನಿನಲ್ಲಿ ಕೆಳಗಿನ ಮನೆಯಿಂದ ಅವರ ನಗು ಕೇಳುತ್ತಿತ್ತು. ಕೋಪ ಬರಬೇಕಿತ್ತು. ಬರಲಿಲ್ಲ, ನಾಳೆ ಯಾವಾಗ ಆಗುತ್ತದೋ ಎನಿಸಿತು. ಹಾಗೆ ಎನಿಸಿ ಎಷ್ಟು ವರ್ಷವಾಗಿತ್ತೋ.

ನಾವು ಆಡುತ್ತಿದ್ದದ್ದು ಇಬ್ಬರ ಆಟ. ಒಂದು ಲಟಾರಿ ದೋಣಿ, ದೀಪ ಆರಿಹೋದ ಒಂದಷ್ಟು ದ್ವೀಪಗಳು. ಒಬ್ಬರು ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ಹಾಯಿ ನೋಡಿಕೊಳ್ಳಬೇಕು. ದ್ವೀಪ ಸಿಕ್ಕಿದರೆ ಇಳಿದು, ಕಟ್ಟಿಗೆ ಆರಿಸಿ, ದೋಣಿಯ ಬಿರುಕಿಗೆ ಹಲಗೆ ಬಡಿದು, ಅಲ್ಲಿನ ದೀಪಸ್ತಂಭ ಹತ್ತಿ ದೀಪ ಹಚ್ಚಬೇಕು. ಆಟ ಅವರು ಕೊಂಡದ್ದು, ಆ ಸಮುದ್ರವೆಲ್ಲ ಅವರ ಕಂಪ್ಯೂಟರಿನಲ್ಲಿತ್ತು, ನಾನು ಅಲ್ಲಿಗೆ ದಿನವೂ ಬಂದು ಹೋಗುವ ಅತಿಥಿ.

ದೀಪಕ್ಕಿಂತ ನನಗೆ ಹಿಡಿಸಿದ್ದು ಕಟ್ಟಿಗೆ ಆರಿಸುವುದು. ಅಂಗಡಿಯಲ್ಲಿ ಬಂದವರೆಲ್ಲ ಅರ್ಜೆಂಟು, ಮನೆಯಲ್ಲಿ ಅಪ್ಪನ ಮಾತ್ರೆ ಅರ್ಜೆಂಟು. ಇಲ್ಲಿ ಮಾತ್ರ ಒಂದು ಕಡ್ಡಿ ಎತ್ತಿ, ಅದು ಒಣಗಿದೆಯೋ ಹಸಿಯೋ ನೋಡಿ, ಬೇಡವೆಂದು ಕೆಳಗಿಟ್ಟರೂ ಕೇಳುವವರಿಲ್ಲ.

"ನೀನು ಆಟ ಆಡ್ತಿದೀಯೋ, ಸೌದೆ ಡಿಪೋ ಇಟ್ಟಿದೀಯೋ?" ಎಂದು ಅವರು ಕೇಳುತ್ತಿದ್ದರು.

ಹೌದು, ಆಟದೊಳಗೆ ನಾವು ಏಕವಚನ. ಬಿರುಗಾಳಿಯ ನಡುವೆ 'ದಯವಿಟ್ಟು ಹಗ್ಗ ಎಳೀರಿ' ಎಂದು ಯಾರು ಕೂತು ಹೇಳುತ್ತಾರೆ? ಆದರೆ ಮರುದಿನ ಮೆಟ್ಟಿಲ ಮೇಲೆ ಎದುರಾದರೆ ಮತ್ತೆ ಬಹುವಚನ. ಚೆನ್ನಾಗಿದೀರಾ, ಅಪ್ಪ ಹೇಗಿದಾರೆ ಎಂದು ಕೇಳುವರು. ಕೇಳುವಾಗ ಅವರ ತುಟಿಯ ಒಂದು ಮೂಲೆ ಮಾತ್ರ ನಗುತ್ತಿತ್ತು. ನಾನು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ. ಇಡೀ ಕಟ್ಟಡದಲ್ಲಿ ನಾವಿಬ್ಬರು ಸೇರಿ ಏನೋ ಕದ್ದವರ ಹಾಗೆ ಇರುತ್ತಿದ್ದೆವು. ಇಷ್ಟು ಸಂತೋಷ ನನಗೆ ಒಗ್ಗುತ್ತದೆಯೇ ಎಂದು ಭಯವೂ ಆಗುತ್ತಿತ್ತು.

ಫಿಸಿಯೋ ಬಾಗಿಲು ತೆರೆದ ಸದ್ದಾದರೆ ನಾನು ನಡುಗಡಲಲ್ಲಿದ್ದರೂ ಎದ್ದು ಹೋಗಬೇಕು. ಒಮ್ಮೆ ಹಾಗೆ ಹೊರಟಾಗ ಕ್ಷಮೆ ಕೇಳಿದೆ. ದಿನವೂ ನನ್ನಿಂದಾಗಿ ಅರ್ಧಕ್ಕೇ ನಿಲ್ಲುತ್ತದೆ, ಬೇಕಾದರೆ ಮುಂದೆ ಹೋಗು ಎಂದೆ.

"ಲಂಗರು ಹಾಕಿ ಕೂತಿರ್ತೀನಿ. ನೀನಿಲ್ದೆ ಈ ದೋಣಿ ಒಂದಿಂಚೂ ಅಲ್ಲಾಡಲ್ಲ."

ಆ ಮಾತನ್ನು ಅಪ್ಪನಿಗೆ ಗಂಜಿ ಕುಡಿಸುವಾಗ ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡೆ. ನನಗಾಗಿ ಯಾರೋ ಕಾಯುತ್ತಾರೆ ಎಂದರೆ ಏನು ಸುಖ. ಅಪ್ಪ ಎಡಗೈಯಿಂದ ನನ್ನ ಗಲ್ಲ ಮುಟ್ಟಿದರು. ನಾನು ನಗುತ್ತಿದ್ದೆನಂತೆ.

ಚಳಿ ಕಳೆಯುವ ಹೊತ್ತಿಗೆ ಅವರಿಗೆ ವರ್ಗವಾಯಿತು. ಬೇರೆ ಊರಿನಲ್ಲಿ ಕಂಪನಿ ಹೊಸ ಶಾಖೆ ತೆರೆಯುತ್ತಿತ್ತು. ತಿಂಗಳೊಳಗೆ ಹೊರಡಬೇಕು ಎಂದು ಹೆಡ್‌ಫೋನಿನಲ್ಲೇ ಹೇಳಿದರು. ನಾನು ಆಗ ದೋಣಿಗೆ ಹಲಗೆ ಬಡಿಯುತ್ತಿದ್ದೆ. ಬಡಿಯುತ್ತಲೇ ಇದ್ದೆ, ಬೇಕಾದ್ದಕ್ಕಿಂತ ಹೆಚ್ಚು. ಇನ್ನೂ ಎಷ್ಟು ದ್ವೀಪಗಳಿವೆ ಎಂದು ಕೇಳಿದ್ದಕ್ಕೆ ಬೇಕಾದಷ್ಟಿವೆ ಎಂದರು. ನಮ್ಮ ಈ ನಡಿಗೆಗೆ ವರ್ಷವಾದರೂ ಬೇಕಂತೆ. ವರ್ಷ ಎಂಬ ಮಾತು ನನಗೆ ಸಿಹಿಯಾಗಿಯೇ ಕೇಳಿತು. ಬೇರೆ ಊರಿಂದಲೂ ಆಡಬಹುದಲ್ಲ, ಅವರು ಕರೆಯಬಹುದಲ್ಲ, ನಾನು ಯೋಚಿಸಿ ಹೂಂ ಅನ್ನಬಹುದಲ್ಲ. ಎಲ್ಲಕ್ಕೂ ವರ್ಷವಿದೆ ಅಂದುಕೊಂಡೆ.

ಆಮೇಲೆ ಹತ್ತು ಹದಿನೈದು ದಿನ ಕೆಲಸ ಜಾಸ್ತಿ ಎಂದು ಅವರು ಆಟಕ್ಕೆ ಬರಲಿಲ್ಲ. ಮೆಟ್ಟಿಲ ಮೇಲೆ ಕಂಡರೆ ಕಣ್ಣ ಕೆಳಗೆ ಕಪ್ಪು. ಏನು ಇಷ್ಟೊಂದು ಲಿಫ್ಟ್ ಕೆಟ್ಟಿವೆಯಾ ಎಂದರೆ ತುಟಿಯ ಅದೇ ಮೂಲೆಯಲ್ಲಿ ನಕ್ಕು ಜಾರಿಕೊಂಡರು. ಒಂದು ಶನಿವಾರ, ಇವತ್ತು ತಪ್ಪದೆ ಬನ್ನಿ ಎಂದರು. ತಲೆಗೆ ಸ್ನಾನ ಮಾಡಿ ಕೂತೆ. ಹೆಡ್‌ಫೋನಿಗೆ ಕೂದಲು ಒದ್ದೆಯಾಗಿದ್ದರೇನು, ಒಣಗಿದ್ದರೇನು? ಆದರೂ ಕೂದಲು ಒಣಗಿಸಿಯೇ ಕೂತೆ.

ಆಟ ತೆರೆಯಿತು. ಸುತ್ತ ಹಿಮ. ನಮ್ಮ ಲಟಾರಿ ದೋಣಿಯ ಜಾಗದಲ್ಲಿ ಮೂರು ಹಾಯಿಯ ಹಡಗು. ನನ್ನ ಮೈಮೇಲೆ ನಾನು ಎಂದೂ ಕಾಣದ ಕೆಂಪು ಕೋಟು. ಯಾರದೋ ಆಟಕ್ಕೆ ಬಂದುಬಿಟ್ಟೆ ಅಂದುಕೊಂಡು ಇದೆಲ್ಲಿ ಎಂದು ಕೇಳಿದೆ.

"ಕೊನೇ ದ್ವೀಪ," ಎಂದರು. ದನಿಯಲ್ಲಿ ಹಬ್ಬ.

ನಡುವಿನವು ಏನಾದವು ಎಂದೆ. ಎಲ್ಲ ಮುಗಿಸಿದರಂತೆ. ಆಫೀಸಿನ ಲ್ಯಾಪ್‌ಟಾಪ್ ತಂದು, ಅದರಲ್ಲಿ ಆಟದೊಳಗಿನ ನನ್ನನ್ನು ಕೂರಿಸಿ, ಒಂದು ಕೈಯಲ್ಲಿ ಅವರನ್ನು, ಇನ್ನೊಂದು ಕೈಯಲ್ಲಿ ನನ್ನನ್ನು ನಡೆಸಿ ನಿದ್ದೆಗೆಟ್ಟು ಆಡಿದರಂತೆ. ಹೆಬ್ಬೆರಳು ಊದಿದೆಯಂತೆ. ಕಟ್ಟಿಗೆ ಇನ್ನು ಬೇಕಾಗುವುದೇ ಇಲ್ಲ, ಹಡಗಿನ ತುಂಬ ಇದೆ.

"ನಿಂಗೆ ಟೈಮ್ ಎಲ್ಲಿರುತ್ತೆ ಹೇಳು. ಮೇಲೆ ಹತ್ತಿ ದೀಪ ಹಚ್ಚು, ಅಷ್ಟೇ ಉಳಿದಿರೋದು. ಅಲ್ಲಿ ನಿಂತು ನಿನ್ನನ್ನ ಒಂದು ಮಾತು ಕೇಳ್ಬೇಕು."

ನಾನು ಹತ್ತತೊಡಗಿದೆ. ಎಂತೆಂಥ ದ್ವೀಪಗಳಿದ್ದವೋ. ನನ್ನ ಕಾಲು ಅಲ್ಲೆಲ್ಲ ನಡೆದಿತ್ತು, ನನಗೆ ಮಾತ್ರ ಏನೂ ಗೊತ್ತಿರಲಿಲ್ಲ. ಮೇಲೆ ತಲುಪುವವರೆಗೆ ತಾಳಲಾರದೆ ಅವರು ಅರ್ಧ ಮೆಟ್ಟಿಲಲ್ಲೇ ಹೇಳಿಬಿಟ್ಟರು. ಏಡಿಯ ದಿನದಿಂದ ಬೇರೆ ಯಾರೂ ಕಣ್ಣಿಗೆ ಬಿದ್ದಿಲ್ಲವಂತೆ. ಅಣ್ಣನ ಜೊತೆ ಮಾತಾಡಿದ್ದಾರಂತೆ, ಅಣ್ಣ ಒಪ್ಪಿದ್ದಾನಂತೆ. ಅಪ್ಪನಿಗೆ ಹೋಮ್ ನರ್ಸ್ ಗೊತ್ತು ಮಾಡಿಯಾಗಿದೆ. ಅಲ್ಲಿ ಮನೆ ನೋಡಿಯಾಗಿದೆ, ಎರಡು ಕಂಪ್ಯೂಟರಿಗೆ ಒಂದೇ ಉದ್ದನೆಯ ಮೇಜು. ಹತ್ತಿರದ ಕನ್ನಡಕದ ಅಂಗಡಿಯಲ್ಲಿ ನನ್ನ ಕೆಲಸದ ವಿಷಯವೂ ಕೇಳಿ ಬಂದಿದ್ದಾರೆ.

"ನೀನು ಬಂದ್ರೆ ಸಾಕು."

ಒಂದೂ ಕೆಟ್ಟದ್ದಿರಲಿಲ್ಲ. ಕೇಳಿದ್ದರೆ ಒಂದಕ್ಕೂ ನಾನು ಬೇಡ ಅನ್ನುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೆಂಪು ಕೋಟಿನಲ್ಲಿ ನಿಂತು ಕೀಬೋರ್ಡಿನಿಂದ ಕೈ ತೆಗೆದೆ. ನಾವು ನಿಲ್ಲಿಸಿದ್ದ ಜಾಗದ ಹಳೆಯ ಸೇವ್ ಇದೆಯೇ ಎಂದು ಕೇಳಿದೆ. ಇಲ್ಲ, ಅದರ ಮೇಲೇ ಹೊಸದು ಸೇವ್ ಆಗುತ್ತಾ ಹೋಯಿತು ಎಂದರು.

"ಮೊದಲಿಂದ ಶುರು ಮಾಡೋಣ್ವಾ? ನಿಧಾನಕ್ಕೆ. ನೀವು ಅಲ್ಲಿಂದ, ನಾನು ಇಲ್ಲಿಂದ."

ಆಟದೊಳಗೆ ಮೊದಲ ಸಲ ನನ್ನ ಬಾಯಲ್ಲಿ ಬಹುವಚನ ಬಂದಿತ್ತು. ಅವರು ನಕ್ಕರು. ದಣಿದವರ ನಗು. "ಎಲ್ಲಾ ಮುಗಿದಿರೋದನ್ನ ಮತ್ತೆ ಯಾಕೆ? ನಿಂಗೆ ಕಷ್ಟ ಆಗ್ಬಾರ್ದು ಅಂತ ತಾನೇ ಮಾಡಿದ್ದು?"

"ಆ ಕಷ್ಟಕ್ಕೋಸ್ಕರಾನೇ ನಾನು ದಿನಾ ಬರ್ತಿದ್ದೆ," ಎಂದೆ. "ನಂದು ಅಂತ ಇದ್ದಿದ್ದು ಅದೊಂದೇ."

ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗದೆ ಹೆದರಿದ್ದು ಉಸಿರಿನಲ್ಲೇ ಕೇಳಿತು. ನನ್ನ ಮೇಲೆ ನಿನಗೆ ಪ್ರೀತಿ ಇಲ್ಲವೇ ಎಂದು ಕೇಳಿದರು.

"ಇದೆ. ತುಂಬಾ ಇದೆ. ಆದ್ರೆ ನಿಮ್ಮ ಜೊತೆ ಬಂದ್ರೆ ನನ್ನ ಬದುಕನ್ನೂ ಹೀಗೇ ನನಗೋಸ್ಕರ ನೀವೇ ಮುಗಿಸಿಬಿಡ್ತೀರಿ. ಈಗ ಇರೋ ಮನೇಲೂ ಅದೇ ನಡೀತಿದೆ. ಅದಕ್ಕೆ ಇನ್ನೊಂದು ಮನೆ ಯಾಕೆ?"

ಹೆಡ್‌ಫೋನ್ ತೆಗೆದಿಟ್ಟೆ. ದೀಪ ಹಚ್ಚಲಿಲ್ಲ. ಬಟ್ಟೆ ಮಡಿಸಲು ಹೋಗಿ ಬಟ್ಟೆಯಲ್ಲೇ ಮುಖ ಹುದುಗಿಸಿ ಅತ್ತೆ.

ಅಣ್ಣ ಎರಡು ದಿನ ಮಾತು ಬಿಟ್ಟ. ಯಾವುದೋ ಆಟಕ್ಕೋಸ್ಕರ ಇಂಥವರನ್ನು ಬಿಟ್ಟೆಯಲ್ಲ, ತಲೆ ಸರಿ ಇದೆಯಾ ಎಂದು ಅತ್ತಿಗೆ ಕೇಳಿದಳು. ಎಷ್ಟೋ ಸಲ ನನಗೂ ಅದೇ ಅನುಮಾನ ಬಂದಿದೆ.

ಅವರು ಹೊರಟ ದಿನ ಮಾನಿಟರಿನ ಪೆಟ್ಟಿಗೆ ಇಳಿಸಲು ಕೈಜೋಡಿಸಿದೆ. ಒಂದು ತುದಿ ಅವರದು, ಒಂದು ತುದಿ ನನ್ನದು. ನಾನು ಕಾಲಿಡುವವರೆಗೆ ಕಾದು, ನಾನು ಹೂಂ ಎಂದ ಮೇಲೆ ಅವರು ಮುಂದಿನ ಮೆಟ್ಟಿಲು ಇಳಿಯುತ್ತಿದ್ದರು. ಕೆಳಗೆ ತಲುಪಿದ ಮೇಲೂ ಇಬ್ಬರೂ ಪೆಟ್ಟಿಗೆ ಬಿಡಲಿಲ್ಲ.

"ನನಗೆ ಗೊತ್ತಾಗ್ಲಿಲ್ಲ ಕಣ್ರೀ," ಎಂದರು.

ಗೊತ್ತು ಎಂದೆ. ಅವರ ಕಣ್ಣು ತುಂಬಿತ್ತು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ನಿಂತೇ ಇದ್ದೆ. ತಾನೇ ಬೇಡವೆಂದವಳಿಗೆ ಅಳುವ ಹಕ್ಕಿಲ್ಲ ಎನ್ನುತ್ತಾರೇನೋ. ಆ ಹಕ್ಕನ್ನು ನಾನು ಯಾರನ್ನೂ ಕೇಳಲಿಲ್ಲ.

ಈಗ ಆ ಆಟವನ್ನು ನಾನೇ ಕೊಂಡಿದ್ದೇನೆ. ಸಮುದ್ರ ನನ್ನ ಕಂಪ್ಯೂಟರಿನಲ್ಲೇ ಇದೆ. ಇಬ್ಬರ ಆಟಕ್ಕೆ ಜೊತೆ ಇಲ್ಲದಿದ್ದರೆ ಕಂಪ್ಯೂಟರೇ ಒಬ್ಬ ಜೊತೆಗಾರನನ್ನು ಕೊಡುತ್ತದೆ. ಬಹಳ ಒಳ್ಳೆಯವನು. ಹಗ್ಗ ಎಳೆ ಅಂದರೆ ಎಳೆಯುತ್ತಾನೆ, ಬಿಡು ಅಂದರೆ ಬಿಡುತ್ತಾನೆ. ನಾನು ಗಂಟೆಪೂರ್ತಿ ಕಟ್ಟಿಗೆ ಆರಿಸಿದರೂ ಸೌದೆ ಡಿಪೋ ಎಂದು ಅಣಕಿಸುವುದಿಲ್ಲ. ನಾನು ಹೇಳದೆ ಒಂದು ಕಡ್ಡಿಯನ್ನೂ ಎತ್ತುವುದಿಲ್ಲ. ನಾನು ಬೇಡಿದ್ದು ಇಷ್ಟೇ ತಾನೇ?

ನಿನ್ನೆ ನಡುಗಡಲಲ್ಲಿ ಬಿರುಗಾಳಿ ಎದ್ದಿತು. ಹಾಯಿ ಇಳಿಸಬೇಕಿತ್ತು. ನಾನು ಕೈಕಟ್ಟಿ ಕೂತೆ, ಒಂದು ಸಲವಾದರೂ ನನ್ನನ್ನು ಕೇಳದೆ ಇಳಿಸಲಿ ಎಂದು. ದೋಣಿಯೊಳಗೆ ನೀರು ಏರಿತು. ಅವನು ನನ್ನತ್ತಲೇ ಮುಖ ಮಾಡಿ, ನಾನು ಹೇಳುವುದನ್ನು ಕಾಯುತ್ತ, ಮುಳುಗುವವರೆಗೂ ನಿಂತಿದ್ದ.