ಏಳು ಪೌಂಡಿನ ಪಂಪು

ಮೂರನೆಯ ಪಿಸ್ಟನ್ನಿನ ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ತೂತು ಬಿದ್ದಿತ್ತು. ಸುತ್ತಲಿನ ಲೋಹ ಮೇಣದ ಹಾಗೆ ಕರಗಿ ಇಳಿದಿತ್ತು.

ಸುಮಂಗಲಾ ಅದನ್ನು ಬೆಳಕಿಗೆ ಹಿಡಿದು ನೋಡಿ ಬೆಂಚಿನ ಮೇಲಿಟ್ಟಳು. ಸೋಮವಾರ ಬೆಳಿಗ್ಗೆ ಹತ್ತು ಗಂಟೆ, ಪೀಣ್ಯದಲ್ಲಿ ಹನುಮಂತರಾಯಪ್ಪನವರ ಶೆಡ್ಡು. ಅತ್ತ ಅವಳ ಸ್ವಂತ ಗೇಜು ರಿಪೇರಿ ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರು. ನೇರ ಟ್ರ್ಯಾಕಿನಲ್ಲಿ ಕಾರು ಓಡಿಸುವ ಡ್ರ್ಯಾಗ್ ರೇಸ್ ಕ್ಲಬ್ಬಿನ ತಾಂತ್ರಿಕ ಪರೀಕ್ಷಕಿ ಎಂಬ ಸಂಬಳವಿಲ್ಲದ ಹುದ್ದೆಯನ್ನು ಯಾವ ಗಳಿಗೆಯಲ್ಲಿ ಒಪ್ಪಿಕೊಂಡೆನೋ ಎಂದು ಅವಳು ಆ ಬೆಳಿಗ್ಗೆ ನಾಲ್ಕನೆಯ ಸಲ ಶಪಿಸಿಕೊಂಡಳು.

"ಇದು ಬೇಕಂತ್ಲೇ ಮಾಡಿರೋದು ಮೇಡಂ," ಎಂದ ಕಾರಿನ ಮಾಲೀಕ ಸಿದ್ದಾರ್ಥ್. ಬ್ರೂಕ್‌ಫೀಲ್ಡಿನಲ್ಲಿ ಮನೆ, ಕಂಪ್ಯೂಟರ್ ಕೆಲಸ, ವಾರದ ಕೊನೆಗೆ ಈ ಹಳೆಯ ಕಾರ್ಬುರೇಟರ್ ಕಾರಿನ ಹುಚ್ಚು. "ನಿನ್ನೆ ಅರ್ಧ ಟ್ರ್ಯಾಕ್ ಸಕ್ಕತ್ತಾಗಿ ಓಡ್ತು. ಆಮೇಲೆ ಪೆಟ್ರೋಲೇ ಬರ್ಲಿಲ್ಲ, ಇಂಜಿನ್ ಸುಟ್ಟೋಯ್ತು. ಮಾಡಿದೋನು ಅಲ್ಲಿ ನಿಂತಿದ್ದಾನೆ ನೋಡಿ."

ಮೂಲೆಯಲ್ಲಿ ಮೆಕ್ಯಾನಿಕ್ ರೇವಣಸಿದ್ದ ನಿಂತಿದ್ದ. ಕಲಬುರಗಿ ಕಡೆಯವನು, ಶೆಡ್ಡಿನ ಹಿಂದಿನ ಕೋಣೆಯಲ್ಲಿ ವಾಸ. ಕಾಲ ಬಳಿ ಎರಡು ಚೀಲ. ಸಂಜೆಯೊಳಗೆ ಕೋಣೆ ಖಾಲಿ ಮಾಡು ಎಂದು ಹನುಮಂತರಾಯಪ್ಪ ಆಗಲೇ ಹೇಳಿಯಾಗಿತ್ತು. ಸುಮಂಗಲಾ ತನ್ನ ವರದಿಯಲ್ಲಿ 'ಕಿಡಿಗೇಡಿತನ' ಎಂದು ಬರೆದರೆ ಬೆಂಗಳೂರಿನ ಯಾವ ರೇಸ್ ಶೆಡ್ಡೂ ಅವನನ್ನು ಒಳಗೆ ಬಿಡುವುದಿಲ್ಲ.

"ಏನು ಪುರಾವೆ?" ಎಂದಳು.

"ಪಂಪು! ನಾನು ಲಿಸ್ಟಲ್ಲಿ ಕೊಟ್ಟಿದ್ದು ಅರವತ್ತು ಪೌಂಡ್ ಪ್ರೆಶರ್ ಪಂಪು. ಇವನು ಹಾಕಿರೋದು ಏಳು ಪೌಂಡಿಂದು. ಏಳು! ನಾನು ಮೂರು ತಿಂಗಳು ಕೂತು ರಿಸರ್ಚ್ ಮಾಡಿದ್ದೀನಿ ಮೇಡಂ—"

"ಯಾವ ಕಾರಿಗೆ ರಿಸರ್ಚ್ ಮಾಡಿದ್ರಿ?"

"ಅಂದ್ರೆ?"

"ಅರವತ್ತು ಪೌಂಡ್ ಬೇಕಾಗೋದು ಇಂಜೆಕ್ಷನ್ ಇರೋ ಹೊಸ ಕಾರಿಗೆ. ನಿಮ್ಮದು ಕಾರ್ಬುರೇಟರ್. ಅದರ ಬಟ್ಟಲಿಗೆ ಪೆಟ್ರೋಲ್ ಬಿಡೋದು ಒಂದು ಚಿಕ್ಕ ಸೂಜಿ. ಅರವತ್ತರಲ್ಲಿ ನೂಕಿದ್ರೆ ಸೂಜಿ ಮುಚ್ಚೋದೇ ಇಲ್ಲ, ಪೆಟ್ರೋಲ್ ಉಕ್ಕಿ ಬಿಸಿ ಇಂಜಿನ್ ಮೇಲೆ ಸುರಿಯುತ್ತೆ. ಕಾರ್ಬುರೇಟರಿಗೆ ಒತ್ತಡ ಕಮ್ಮಿ ಇರಬೇಕು, ಹರಿವು ಜಾಸ್ತಿ ಇರಬೇಕು. ಇವನು ಹಾಕಿರೋದು ಸರಿಯಾದ ಪಂಪು. ನಿಮ್ಮ ಪಂಪು ಹಾಕಿದ್ರೆ ಪಿಸ್ಟನ್ ಅಲ್ಲ, ನೀವೇ ಸುಟ್ಟೋಗ್ತಿದ್ರಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಇದು. ಫೋನಿನಲ್ಲಿ ಕಂಡದ್ದೆಲ್ಲ ವೇದ. ಸುಮಂಗಲಾಗೆ ರೇಗಿಹೋಯಿತು.

"ಹೇಳದೆ ಯಾಕಪ್ಪ ಬದಲಾಯಿಸಿದೆ?" ಎಂದು ರೇವಣಸಿದ್ದನನ್ನೂ ಗದರಿದಳು.

"ಹೇಳೀನ್ರಿ ಮೇಡಂ. ಮೂರು ಸಲ ಹೇಳೀನಿ. ಸಾಹೇಬ್ರು ಫೋನ್ ನೋಡ್ಕೋತ ಹೂಂ ಹೂಂ ಅಂದ್ರು."

ಸಿದ್ದಾರ್ಥ್ ಬೇರೆ ಕಡೆ ನೋಡಿದ. ಆದರೆ ಸುಮ್ಮನಾಗುವ ಆಸಾಮಿಯಲ್ಲ. "ಹಾಗಾದ್ರೆ ಫಿಲ್ಟರ್! ಇಲ್ಲಾ ರೆಗ್ಯುಲೇಟರ್! ಪೈಪು ಸಣ್ಣದಾಗಿರಬಹುದು—"

ಸುಮಂಗಲಾ ಒಂದು ಗಂಟೆ ಅದನ್ನೆಲ್ಲ ಬಿಚ್ಚಿ ನೋಡಿದಳು. ಫಿಲ್ಟರ್ ಶುಚಿಯಾಗಿತ್ತು. ಪೈಪು ಅರ್ಧ ಇಂಚಿನದು, ಬೇಕಾದಷ್ಟು ದಪ್ಪ. ರೆಗ್ಯುಲೇಟರಿನ ಒತ್ತಡದ ಮುಳ್ಳು ಆರೂವರೆ ಪೌಂಡಿನಲ್ಲಿ ಅಲ್ಲಾಡದೆ ನಿಂತಿತು. ಟ್ಯಾಂಕಿನ ಬಾಯಿಗೆ ಆಲಿಕೆ ಇಟ್ಟು ಪೆಟ್ರೋಲ್ ಹುಯ್ದು ಪಂಪು ಓಡಿಸಿದರೆ ನಿಮಿಷಕ್ಕೆ ನಾಲ್ಕು ಲೀಟರ್ ಕ್ಯಾನಿಗೆ ಧುಮುಕಿತು. ಎಲ್ಲವೂ ಸರಿ. ಎಲ್ಲವೂ ಸರಿಯಿದ್ದರೆ ಇಂಜಿನ್ ಸತ್ತದ್ದು ಹೇಗೆ?

"ನಾನು ಆಗ್ಲೇ ಹೇಳಿದೆನಲ್ಲಮ್ಮ," ಎಂದರು ಅಷ್ಟು ಹೊತ್ತೂ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ ಕೃಷ್ಣಸ್ವಾಮಿ. ಸಿದ್ದಾರ್ಥನ ತಂದೆ. ವಿಮಾನ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಮಾರತ್ತಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬಂದು ಮಗನ ಕಾರನ್ನು ತಪಾಸಣೆ ಮಾಡುವುದು ಈಗ ಅವರ ಕಾಯಕ. "ನಿನ್ನೆ ಬೆಳಿಗ್ಗೆ ಗಾಡೀನ ಕೂಲಂಕಷವಾಗಿ ನೋಡಿ ಸಹಿ ಹಾಕಿದೀನಿ. ನಾನು ಬಿಟ್ಟ ಮೇಲೆ ಅದನ್ನ ಮುಟ್ಟಿದೋನು ಇವನೊಬ್ಬನೇ. ಇನ್ನೇನು ಬೇಕು?"

ರೇವಣಸಿದ್ದ ತಲೆ ತಗ್ಗಿಸಿದ. ಸುಮಂಗಲಾಗೆ ಅವನ ಮೇಲೂ ಸಿಟ್ಟು ಬಂತು. ಬಾಯಿ ಬಿಟ್ಟು ಮಾತಾಡಬಾರದೆ?

"ಓಟ ಮುಗಿದ ಮೇಲೆ ಮೊದಲು ಏನು ಮಾಡಿದೆ? ಒಂದೊಂದಾಗಿ ಹೇಳು."

"ಪೆಟ್ರೋಲ್ ಐತೋ ಇಲ್ಲೋ ನೋಡಾಕ ಟ್ಯಾಂಕಿನ ಮುಚ್ಚಳ ತಗದೆ ರೀ."

"ಇತ್ತಾ?"

"ಭಾಳ ಇತ್ತ್ರಿ. ಮುಚ್ಚಳ ತಿರುವುದ ತಡ, ಸುಂಯ್ ಅಂತ ಗಾಳಿ ಒಳಗ ಹೋತು."

ಸುಮಂಗಲಾ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು. "ಒಳಗೆ? ಹೊರಗೆ ಬರಲಿಲ್ಲ?"

"ಒಳಗ ರೀ. ನಾ ಇದನ್ನೂ ಹೇಳಾಕ ಹೋಗಿದ್ದೆ. ಅಷ್ಟ್ರಾಗ ಸಾಹೇಬ್ರು ಪಂಪು ಬದಲಿಸಿದ ಕಳ್ಳ ಅಂದ್ಬಿಟ್ರು."

ಅವಳು ಕಾರಿನ ಹಿಂಬದಿಗೆ ಹೋಗಿ ಟ್ಯಾಂಕಿನ ಮೈ ಸವರಿದಳು. ತೆಳು ಅಲ್ಯೂಮಿನಿಯಂ ಎರಡೂ ಪಕ್ಕ ಒಳಕ್ಕೆ ತಗ್ಗಿತ್ತು. ಮಂಡಿಯೂರಿ ಕೆಳಗೆ ಇಣುಕಿದಳು. ಟ್ಯಾಂಕಿನ ತಲೆಯಿಂದ ಬಂದ ಸಣ್ಣ ರಬ್ಬರ್ ಪೈಪೊಂದು ಬಂಪರ್ ಹಿಂದೆ ಇಳಿಬಿದ್ದಿತ್ತು. ಅದರ ತುದಿಗೆ ಒಂದು ಕೆಂಪು ಪ್ಲಾಸ್ಟಿಕ್ ಮುಚ್ಚಳ. ಹೊಸ ಸಾಮಾನು ಅಂಥ ಮುಚ್ಚಳ ತೊಟ್ಟೇ ಬರುವುದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಇದನ್ನ ಹಾಕಿದ್ದು ನೀನಾ?"

"ಇಲ್ರಿ! ಅದು ಗಾಳಿ ಪೈಪು. ಅದನ್ನ ಯಾರರ ಮುಚ್ತಾರೇನ್ರಿ?"

"ನಿನ್ನೆ ಒಂಬತ್ತೂಕಾಲಿಗೆ ನಾನೇ ಪರೀಕ್ಷೆ ಮಾಡಿ ಪಾಸ್ ಅಂತ ಸೀಲ್ ಹಾಕಿದೆ. ಆಗ ಇದು ತೆರೆದಿತ್ತು. ಆಮೇಲೆ ಮುಚ್ಚಿದ್ದು ಯಾರು?"

ಸುಮಂಗಲಾ ಬೆಂಚಿನ ಮೇಲಿದ್ದ ಕೃಷ್ಣಸ್ವಾಮಿಯವರ ತಪಾಸಣೆಯ ಹಾಳೆಗಳನ್ನು ಎಳೆದುಕೊಂಡಳು. ಐದು ಪುಟ, ಮುತ್ತಿನಂಥ ಅಕ್ಷರ. ಅದನ್ನು ಯಾರೂ ಓದುತ್ತಿರಲಿಲ್ಲ. ಮಗ ಓದುತ್ತಿರಲಿಲ್ಲ, ಮೆಕ್ಯಾನಿಕ್ಕಿಗೆ ಯಾರೂ ತೋರಿಸುತ್ತಿರಲಿಲ್ಲ, ಅವಳೂ ಬೆಳಗಿನಿಂದ ಪಕ್ಕಕ್ಕೆ ಸರಿಸಿದ್ದಳು. ಆ ತಪ್ಪಿಗೆ ತನ್ನನ್ನೇ ಬೈದುಕೊಳ್ಳುತ್ತ ಬೆರಳಿಟ್ಟು ಓದಿದಳು. ನಾಲ್ಕನೆಯ ಪುಟದಲ್ಲಿ ಬೆರಳು ನಿಂತಿತು.

"'ನಲವತ್ತೊಂದು. ಟ್ಯಾಂಕಿನ ಹಿಂದಿನ ರಬ್ಬರ್ ಪೈಪು, ಬಾಯಿ ತೆರೆದಿತ್ತು. ಮುಚ್ಚಳ ಹಾಕಲಾಗಿದೆ. ಸಮಯ ಒಂಬತ್ತು ನಲವತ್ತು.' ಸಾರ್, ಇದು ನಿಮ್ಮ ಕೈಬರಹ ತಾನೆ?"

"ಹೌದಮ್ಮ. ಅದರಲ್ಲೇನಿದೆ? ನಮ್ಮಲ್ಲಿ ವಿಮಾನ ನಿಲ್ಲಿಸೋ ಹ್ಯಾಂಗರಿನಲ್ಲಿ ಪೈಪಿನ ಬಾಯಿ ತೆರೆದು ಬಿಟ್ರೆ ಮೆಮೋ ಕೊಡ್ತಿದ್ವಿ. ಒಂದು ನಟ್ಟು ಒಳಗೆ ಬಿದ್ರೆ ವಿಮಾನಾನೇ ಹೋಗುತ್ತೆ. ಕಂಡ ತಕ್ಷಣ ಮುಚ್ಚಬೇಕು, ಅದು ನಿಯಮ." ಅವರ ಕೈ ತಾನಾಗಿ ಜೇಬಿಗೆ ಹೋಯಿತು. ಅಂಗಿಯ ಜೇಬಿನಲ್ಲಿ ಇನ್ನೂ ನಾಲ್ಕು ಕೆಂಪು ಮುಚ್ಚಳಗಳಿದ್ದವು.

"ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಸಲೀಸಾಗಿ ಇಳಿಯುತ್ತಾ ಸಾರ್? ಗಾಳಿ ಹೋಗಕ್ಕೆ ಇನ್ನೊಂದು ತೂತು ಬೇಕು. ಈ ಪೈಪು ಆ ಇನ್ನೊಂದು ತೂತು. ಟ್ಯಾಂಕ್ ಚಿಕ್ಕದು, ಕಂಠಮಟ್ಟ ತುಂಬಿತ್ತು. ಪಂಪು ಎಳೆದಷ್ಟೂ ಒಳಗೆ ಗಾಳಿ ಇಲ್ಲದೆ ಬಿಗಿಯಾಯ್ತು, ಟ್ಯಾಂಕ್ ತಗ್ಗಾಯ್ತು, ಪೆಟ್ರೋಲ್ ಕಮ್ಮಿಯಾಗ್ತಾ ಬಂತು. ಪೆಟ್ರೋಲ್ ಸಾಲದೆ ಗಾಳಿ ಹೆಚ್ಚಾದ್ರೆ ಉರಿ ವಿಪರೀತ ಬಿಸಿಯಾಗಿ ಪಿಸ್ಟನ್ ಕರಗುತ್ತೆ. ಇಲ್ಲಿ ನಾವೆಲ್ಲ ಆಲಿಕೆ ಇಟ್ಕೊಂಡು, ಅಂದ್ರೆ ಬಾಯಿ ತೆರೆದಿಟ್ಕೊಂಡು ಪರೀಕ್ಷೆ ಮಾಡಿದ್ವಿ. ಅದಕ್ಕೇ ಎಲ್ಲ ಸರಿಯಾಗಿ ಕಂಡಿತು. ಇಂಜಿನ್ ಸುಟ್ಟಿದ್ದು ರೇವಣಸಿದ್ದ ಅಲ್ಲ. ನೀವು."

ಕೃಷ್ಣಸ್ವಾಮಿ ಕನ್ನಡಕ ತೆಗೆದು, ಆ ಹಾಳೆಯನ್ನು ಮುಖದ ಹತ್ತಿರ ಹಿಡಿದು, ತಾವೇ ಬರೆದ ಸಾಲನ್ನು ಎರಡು ಸಲ ಓದಿದರು. ಅವರ ಕಿವಿ ಕೆಂಪಾದವು.

"ಹೋಗ್ಲಿ ಬಿಡಿ ಮೇಡಂ," ಎಂದು ಸಿದ್ದಾರ್ಥ್ ತಡವರಿಸಿದ. "ಅಪ್ಪ ಬೇಕಂತ ಮಾಡಿಲ್ಲ. ಆಕ್ಸಿಡೆಂಟ್ ಅಂತ ಬರ್ಕೊಳ್ಳಿ. ರೇವಣ, ಸಾರಿ ಗುರು. ಆಯ್ತಾ?"

"ಅಪ್ಪ ಮಾಡಿದ್ರೆ ಆಕ್ಸಿಡೆಂಟು, ಅವನು ಮಾಡಿದ್ರೆ ಕಿಡಿಗೇಡಿತನ!" ಸುಮಂಗಲಾಗೆ ಎಲ್ಲಿಲ್ಲದ ಸಿಟ್ಟು ಬಂತು. ಇನ್ನೂ ಬೈಯುವವಳಿದ್ದಳು. ಅಷ್ಟರಲ್ಲಿ ರೇವಣಸಿದ್ದ ಮೊದಲ ಬಾರಿಗೆ ತಲೆಯೆತ್ತಿದ.

"ಸಾರಿ ಇಲ್ಲಿ ಬ್ಯಾಡ್ರಿ. ಕಳ್ಳ ಅಂದದ್ದು ಹೊರಗ, ರಸ್ತೆದಾಗ. ಎದುರಿನ ಲೇತ್ ಅಂಗಡಿ ಮಂದಿ ಎಲ್ಲಾರೂ ಕೇಳ್ಯಾರ. ಅಲ್ಲ ಅನ್ನೋದೂ ಅಲ್ಲೇ ನಿಂತು ಅನ್ರಿ."

ಸಿದ್ದಾರ್ಥ್ ತಂದೆಯ ಮುಖ ನೋಡಿದ, ಹೊರಗೆ ಟೀ ಕುಡಿಯುತ್ತ ನಿಂತ ಎಂಟು ಹತ್ತು ಜನರನ್ನು ನೋಡಿದ. ಕಾಲು ಕೀಳಲಿಲ್ಲ.

ಕೃಷ್ಣಸ್ವಾಮಿ ಎದ್ದರು. ಹಾಳೆ ಕೈಯಲ್ಲೇ ಇತ್ತು. ಬಾಗಿಲು ದಾಟಿ ರಸ್ತೆಗಿಳಿದು, ಲೇತಿನ ಸದ್ದನ್ನು ಮೀರಿ ಕೇಳುವ ಹಾಗೆ ದೊಡ್ಡ ದನಿಯಲ್ಲಿ, ತಮ್ಮ ಹೆಸರು ಹೇಳಿ, ನಲವತ್ತೊಂದನೆಯ ಸಾಲನ್ನು ಓದತೊಡಗಿದರು.