ಸಿಂಗಾಚಾರಿಯ ಗೊಂಬೆಮನೆ

ಬಹಳ ಕಾಲದ ಕೆಳಗೆ, ಏಳು ಸುತ್ತಿನ ಕೋಟೆಯ ಸಂಪಿಗೆಪುರದಲ್ಲಿ ಸಿಂಗಾಚಾರಿ ಎಂಬ ಬಡಗಿಯಿದ್ದ. ಕೆಲಸದಲ್ಲಿ ಅವನ ಕೈ ಚಿನ್ನ. ಆದರೆ ಆ ಕೈಗೆ ಒಂದು ಗಳಿಗೆ ಸುಮ್ಮನಿರಲು ಬಾರದು. ಅನ್ನ ಬೆಂದಿತೋ ಎಂದು ಹತ್ತು ಸಲ ಮುಚ್ಚಳ ತೆಗೆಯುವವನು. ಬಣ್ಣ ಹಚ್ಚಿದರಂತೂ ಒಣಗಿತೋ ಇಲ್ಲವೋ ಎಂದು ಮುಟ್ಟಿಯೇ ನೋಡಬೇಕು.

ಆ ನಾಡಿಗೆ ಕರಾಳಕೇತು ಎಂಬ ಮಾಂತ್ರಿಕ ಬಂದ. ಮನುಷ್ಯರನ್ನು ಕುಗ್ಗಿಸಿ ಗೊಂಬೆಗಳಂತೆ ಇಟ್ಟುಕೊಳ್ಳುವುದು ಅವನ ಚಟ. ಸಿಂಗಾಚಾರಿಯ ತಂಗಿ ಪದುಮಿಯನ್ನು ಮೊಳದುದ್ದ ಮಾಡಿ, ಬಣ್ಣ ಬಳಿದ ಒಂದು ಮರದ ಗೊಂಬೆಮನೆ ಕಟ್ಟಿಕೊಡು ಎಂದ. ಬಾಗಿಲು ಕಿಟಕಿಗೆಲ್ಲ ಹೊರಗಿನಿಂದ ಅಗುಳಿ ಇರಬೇಕು. ಮೂರು ದಿನದಲ್ಲಿ ಕುಂದಿಲ್ಲದೆ ಮುಗಿದರೆ ತಂಗಿಗೆ ಬಿಡುಗಡೆ. ಒಂದೊಂದು ಕುಂದಿಗೂ ಅವಳು ಇನ್ನಷ್ಟು ಗಿಡ್ಡ. ಮೂರನೆಯದಕ್ಕೆ ಕಣ್ಣಿಗೇ ಕಾಣಳು.

ಸಿಂಗಾಚಾರಿ ಅಂಗಳದಲ್ಲಿ ಗೋಡೆ, ಬಾಗಿಲು, ಚಾವಣಿಗಳನ್ನು ಬಿಡಿಬಿಡಿಯಾಗಿ ಕೊಯ್ದು ಉಜ್ಜಿದ. ಜೋಡಿಸಿದ ಮೇಲೆ ಮೂಲೆಗಳಿಗೆ ಕುಂಚ ಹೋಗುವುದಿಲ್ಲ. ಮೊದಲ ದಿನ ಸುಣ್ಣದ ಪುಡಿಗೆ ಅಂಟು ಕಲಸಿ ಬಿಳಿಯ ಲೇಪ ಕೊಟ್ಟ. ಅದಿಲ್ಲದಿದ್ದರೆ ಮರ ಬಣ್ಣವನ್ನೆಲ್ಲ ಕುಡಿದುಬಿಡುತ್ತದೆ. ಆಮೇಲೆ ಕೂತ, ಎದ್ದ, ಅಂಗಳ ಸುತ್ತಿದ, ಬಂದು ಮುಟ್ಟಿದ. ಬೆರಳ ಗುರುತು ಬಿತ್ತು. ಸಂಜೆ ಕರಾಳಕೇತು ಇರುವೆಯಷ್ಟಾಗಿ ಹಲಗೆ ಹಲಗೆ ತಡಕಿ, ಗುರುತು ಕಂಡು ನಕ್ಕು, ಮತ್ತೆ ಬೆಳೆದ. ಆಕಾಶ ಕಂಡರಷ್ಟೇ ಅವನ ಬೆಳೆಯುವ ಮಂತ್ರ ನಡೆಯುತ್ತಿತ್ತು. ಪದುಮಿ ಗೇಣುದ್ದವಾದಳು.

ಎರಡನೆಯ ದಿನ ಗುರುತು ಉಜ್ಜಿ ತೆಗೆದು ಕೆಂಪು ಬಣ್ಣ ಹಚ್ಚಿದ. ಮುಟ್ಟಲಿಲ್ಲ. ಆದರೆ ತಡೆಯಲಾರದೆ ಹಲಗೆಗಳನ್ನು ಒಲೆಯ ಮುಂದಿಟ್ಟ. ಬಣ್ಣ ಗುಳ್ಳೆ ಎದ್ದಿತು, ಪದುಮಿ ಬೆರಳುದ್ದವಾದಳು. ತಂಗಿಯನ್ನು ಕುಗ್ಗಿಸುತ್ತಿರುವವನು ಮಾಂತ್ರಿಕನಲ್ಲ, ತಾನೇ ಎಂದು ಸಿಂಗಾಚಾರಿ ಅತ್ತ.

ಮೂರನೆಯ ದಿನ ನಸುಕಿನಲ್ಲೇ ಗುಳ್ಳೆ ಕೆರೆದು ಹೊಸದಾಗಿ ಬಣ್ಣ ಬಳಿದ. ಅಲ್ಲೇ ಪಕ್ಕದಲ್ಲಿದ್ದ ಪದುಮಿ ಹೇಳಿದಳು, "ಅಣ್ಣಾ, ಹಚ್ಚಿದ್ದಾಯ್ತಲ್ಲ, ಇನ್ನು ನಿನ್ನ ಕೈ ಮೇಲೆ ನೀನೇ ಕೂತ್ಕೊ."

ಅವನು ಅಂಗೈಗಳನ್ನು ತೊಡೆಯ ಕೆಳಗಿಟ್ಟು ಕೂತ. ಮೂಗು ತುರಿಸಿತು. ನೊಣ ಕೂತಿತು. ಕಾಲು ಜೋಮು ಹಿಡಿಯಿತು. ಏಳಲಿಲ್ಲ. ಬಣ್ಣ ಒಂದು ಗೆರೆಯಿಲ್ಲದೆ ಒಣಗಿತು. ಗೋಡೆಗಳನ್ನು ಅಂಟಿಸಿ ನಿಲ್ಲಿಸಿದ, ಬಾಗಿಲು ಕಿಟಕಿ ಮುಚ್ಚಿ ಹೊರಗಿನಿಂದ ಅಗುಳಿಗಳನ್ನು ಹಾಕಿದ, ಚಾವಣಿಯ ಅಂಚಿಗೆ ಅಂಟು ಸವರಿ ಹಿಡಿದುಕೊಂಡ.

ಕರಾಳಕೇತು ಇರುವೆಯಷ್ಟಾಗಿ, ತೆರೆದ ಮೇಲ್ಭಾಗದಿಂದ ಒಳಗಿಳಿದು ಮೂಲೆ ಮೂಲೆ ಹುಡುಕಿದ. ಗೋಡೆಯ ಮೇಲ್ತುದಿಯಲ್ಲಿ ಸುತ್ತಲೂ ಒಂದೆಳೆ ಬರಿ ಮರ ಕಂಡಿತು.

"ಇಲ್ಲಿ ಬಣ್ಣವೇ ಇಲ್ಲ. ನಿನ್ನ ತಂಗಿ ಹೋದಳು," ಎಂದ.

"ಅಲ್ಲಿ ಹಚ್ಚಬಾರದು ಸ್ವಾಮಿ. ಬಣ್ಣದ ಮೇಲೆ ಅಂಟು ಹಿಡಿಯಲ್ಲ," ಎಂದು ಸಿಂಗಾಚಾರಿ ಚಾವಣಿ ಇಟ್ಟು ಒತ್ತಿದ. ಒಳಗಿದ್ದವನಿಗೆ ಆಕಾಶ ಮರೆಯಾಯಿತು.

ಅಂಟು ಕಚ್ಚಲು ಒಂದು ಜಾವ ಬೇಕು. ಒಳಗಿನಿಂದ ಮಾಂತ್ರಿಕ ಗುದ್ದಿದ, ಬೈದ, ರಾಜ್ಯ ಕೊಡುತ್ತೇನೆಂದ. ಹಿಡಿದಿದೆಯೋ ಇಲ್ಲವೋ, ಒಂದೇ ಒಂದು ಸಲ ಎತ್ತಿ ನೋಡಲೇ ಎಂದು ಸಿಂಗಾಚಾರಿಯ ಬೆರಳು ಚಡಪಡಿಸಿದವು. ಆಗ ಪದುಮಿ ಅವನ ತೋಳು ಹಿಡಿದು ಹತ್ತಿ, ಹೆಬ್ಬೆರಳ ಮೇಲೆ ಕೂತಳು.

"ಕೈ ಎತ್ತಿದ್ರೆ ನಾನು ಬೀಳ್ತೀನಿ ಅಣ್ಣಾ."

ಅವನು ಎತ್ತಲಿಲ್ಲ. ಜಾವ ಕಳೆಯಿತು, ಅಂಟು ಕಚ್ಚಿತು, ಗುದ್ದು ನಿಂತಿತು. ಮಾಂತ್ರಿಕ ಸೆರೆಯಾದದ್ದೇ ಅವನ ಮಾಟವೆಲ್ಲ ಕಳಚಿ, ಪದುಮಿ ಬೆಳೆಬೆಳೆಯುತ್ತ ನೆಲಕ್ಕೆ ಕಾಲು ಕೊಟ್ಟಳು. ಗೊಂಬೆಗಳಾಗಿದ್ದ ಊರವರೆಲ್ಲ ಮತ್ತೆ ಮನುಷ್ಯರಾಗಿ ತಮ್ಮ ತಮ್ಮ ಮನೆಗೆ ಹೋಗಿ ಬಿಸಿ ಅನ್ನ ಉಂಡರು, ನೂರು ವರ್ಷ ನೆಮ್ಮದಿಯಾಗಿದ್ದರು. ಸಿಂಗಾಚಾರಿ ಮಾತ್ರ ದೀಪ ಹಚ್ಚುವ ಹೊತ್ತಾದರೂ ಚಾವಣಿಯನ್ನು ಒತ್ತಿಕೊಂಡೇ ಕೂತಿದ್ದ. ಪದುಮಿಯೇ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.